ಹೂಗ್ಲಿಯ ಗೊಂಬೆಗೆ ಹೇಳಿದ ಮಾತು

ನಾನು ಲೇಕ್ ಗಾರ್ಡನ್ಸ್‌ನ ಮನೆಯಲ್ಲಿ ಗೊಂಬೆ ಮಾಡುತ್ತೇನೆ. ಹೋದ ಚಳಿಗಾಲದಲ್ಲಿ ಹೂಗ್ಲಿ ನದಿಯನ್ನೇ ಗೊಂಬೆಯಾಗಿಸಿದೆ. ದಡದ ಮಣ್ಣಿನ ಮೈ, ತೇಲಿ ಬಂದ ಅಂತರಗಂಗೆಯ ಬೇರಿನ ಕೂದಲು, ಕೆಸರುಬಣ್ಣದ ಸೀರೆ. ನದಿಯ ಆಚೆ ದಡದ ಹೌರಾದಲ್ಲಿರುವ ನನ್ನ ಗೆಳತಿ ಅಪರ್ಣಾ ಇಷ್ಟಪಟ್ಟು ಕೊಂಡಳು. ಅವಳು ಹೊರಟಾಗ ಗೊಂಬೆಯ ಕೆನ್ನೆ ಮುಟ್ಟಿ, "ಹೋಗಿ ಬಾ" ಎಂದೆ. ಮನೆಯಿಂದ ಹೊರಡುವವರಿಗೆ ಬರೀ 'ಹೋಗು' ಎನ್ನುವ ರೂಢಿ ನಮ್ಮಲ್ಲಿಲ್ಲ.

ಮರುದಿನ ಮಧ್ಯಾಹ್ನ ಕೋಣೆಯಲ್ಲಿ ನದಿಯ ವಾಸನೆ ಬಂತು. ಗೊಂಬೆ ತನ್ನ ಹಳೆಯ ಮೂಲೆಯಲ್ಲೇ ಕೂತಿತ್ತು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಡದ ಮಣ್ಣು, ಆದರೂ ಕರಗಿರಲಿಲ್ಲ.

ಫೋನ್ ಮಾಡಿದರೆ ಅಪರ್ಣಾ, "ಬೆಳಿಗ್ಗೆಯಿಂದ ಅದನ್ನೇ ಹುಡುಕ್ತಾ ಇದ್ದೀನಿ ಶೋಭನಕ್ಕ" ಎಂದಳು.

ಅವಳು ಬಂದು ಒಯ್ದಳು. ಅಭ್ಯಾಸಬಲದಿಂದ ಮತ್ತೆ "ಹೋಗಿ ಬಾ" ಎಂದೆ. ಗೊಂಬೆ ಮತ್ತೆ ಬಂತು, ಇನ್ನಷ್ಟು ತಣ್ಣಗೆ.

ಮುಂದಿನ ಸಲ ಅಪರ್ಣಾ ಗೊಂಬೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. "ಈ ಸಲ 'ಬಾ' ಅನ್ಬೇಡಿ ಅಕ್ಕ."

ಇಬ್ಬರ ಮುಖವನ್ನೂ ನೋಡದೆ, "ಹೋಗು" ಎಂದೆ.

ಗೊಂಬೆ ಆಮೇಲೆ ಬರಲಿಲ್ಲ. ಆ ಮೂಲೆಯ ನೆಲ ಮಾತ್ರ ಎಷ್ಟು ಒರೆಸಿದರೂ ಒಣಗುತ್ತಿಲ್ಲ. ಅಪರ್ಣಾ ಇವತ್ತಿಗೂ ಮನೆ ಸೇರಿಲ್ಲ.