ಅವನು ಬರಲಿಲ್ಲ, ಅವಳೂ ಬರಲಿಲ್ಲ

ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಅವನು ಒಳಬಂದಾಗ ಅವಳು ತಲೆ ಎತ್ತಲಿಲ್ಲ. ಫ್ರೇಮಿನ ಸಣ್ಣ ಸ್ಕ್ರೂ ತಿರುಗಿಸುತ್ತಿದ್ದ ಬೆರಳು ಮಾತ್ರ ಒಂದು ಕ್ಷಣ ನಿಂತಿತು.

“ಭಾನುವಾರ ಸಂಜೆ ಐದರಿಂದ ಅಪ್ಪ ಎರಡು ಗಂಟೆ ಕಾದ್ರು,” ಎಂದಳು. “ಮದುವೆ ಮಾತಾಡೋಕೆ ಬರ್ತೀನಿ ಅಂದವನು ಫೋನೂ ಎತ್ತಲಿಲ್ಲ.”

ಅವನು ಲಿಫ್ಟ್ ಮೆಕ್ಯಾನಿಕ್. “ಆಸ್ಪತ್ರೆ ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಿದ್ರು. ಆತುರದಲ್ಲಿ ಫೋನ್ ಲಿಫ್ಟಿನ ಕೆಳಗಿನ ಗುಂಡಿಗೆ ಬಿತ್ತು. ನಾನೇನು ಮಾಡ್ಲಿ?”

“ಮೂರು ದಿನ ಆಯ್ತು! ಹೆದರಿ ಓಡಿಹೋಗೋದೇ ನಿನ್ನ ಗುಣ ಅಂತ ನೇರವಾಗಿ ಹೇಳು.”

ಅವನ ಮುಖ ಕೆಂಪಾಯಿತು. “ಹೋದ ತಿಂಗಳು ನನ್ನಕ್ಕ ಅಷ್ಟು ದೂರದಿಂದ ನಿನ್ನ ನೋಡೋಕಂತಲೇ ಬಂದಿದ್ಲು. ನೀನು ನಮ್ಮನೆಗೆ ಬಂದ್ಯಾ? ಅವಳಿಗೆ ಸ್ವಲ್ಪ ಜಂಭ ಕಣಕ್ಕಾ ಅಂತ ಸಮಾಧಾನ ಹೇಳಿ ಕಳಿಸ್ದೆ.”

“ಜಂಭಾನಾ? ಅವತ್ತು ಅಂಗಡೀಲಿ ನಾನೊಬ್ಬಳೇ ಇದ್ದೆ ಅಂತ ಹೇಳ್ಲಿಲ್ವಾ?”

“ಸರಿ. ನೀನು ಬರದಿದ್ರೆ ಕೆಲಸದ ತಪ್ಪು. ನಾನು ಬರದಿದ್ರೆ ನನ್ನ ಗುಣದ ತಪ್ಪು. ಅಲ್ವಾ?”

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. ಅವನು ಬಾಗಿಲ ಹಿಡಿಗೆ ಕೈ ಹಾಕಿದ. ಈಗ ಹೋದರೆ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

“ಅವತ್ತು ಅಂಗಡಿ ಆರಕ್ಕೇ ಮುಚ್ಚಿದ್ದೆ,” ಎಂದಳು ಮೆಲ್ಲಗೆ. “ನಿಮ್ಮ ಮನೆ ತಿರುವಿನವರೆಗೂ ಬಂದೆ. ನಿಮ್ಮಕ್ಕ ಬಾಲ್ಕನೀಲಿ ನಿಂತಿದ್ರು. ಅವರಿಗೆ ನಾನು ಇಷ್ಟ ಆಗದಿದ್ರೆ ಅಂತ ಭಯ ಆಗಿ ವಾಪಸ್ ಹೋದೆ. ನನ್ನ ತಟ್ಟೇಲಿ ಹೆಗ್ಗಣ ಇಟ್ಕೊಂಡು ನಿನ್ನ ತಟ್ಟೇಲಿ ನೊಣ ಹುಡುಕ್ತಿದ್ದೀನಿ.”

ಅವನು ಬಾಗಿಲಿನಿಂದ ಕೈ ತೆಗೆದ.

“ನಂದೂ ನೊಣ ಅಲ್ಲ. ಫೋನ್ ಬಿದ್ದಿದ್ದು ನಿಜ. ಆದ್ರೆ ಲಿಫ್ಟು ನಾಲ್ಕಕ್ಕೇ ಸರಿಹೋಯ್ತು. ನಿಮ್ಮಪ್ಪ ಹೆಡ್‌ಮಾಸ್ಟರು, ನಾನು ಹತ್ತನೇ ಕ್ಲಾಸ್ ಫೇಲು. ಏನು ಓದಿದ್ದೀಯಪ್ಪಾ ಅಂದ್ರೆ? ಮೆಷಿನ್ ರೂಮಲ್ಲೇ ಕೂತ್ಬಿಟ್ಟೆ, ಕತ್ತಲಾಗೋವರೆಗೂ.”

ಅವಳು ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ತುಟಿ ನಡುಗಿತು. ಅದು ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

“ದಡ್ಡ. ಅದು ಅಪ್ಪನಿಗೆ ಮೊದಲೇ ಗೊತ್ತು ಕಣೋ. ಗೊತ್ತಿದ್ದೇ ಬೆಳಗ್ಗೆ ಎದ್ದು ಶೇವ್ ಮಾಡ್ಕೊಂಡು, ಹೊಸ ಅಂಗಿ ಹಾಕ್ಕೊಂಡು ಕಾದ್ರು.”

“ಈಗ ಹೋದ್ರೆ ಒಳಗೆ ಬಿಡ್ತಾರಾ?”

“ಬೈತಾರೆ.”

“ಏನಂತ ಹೇಳ್ಲಿ?”

“ಹೆದರಿದ್ದೆ ಅಂತ ಹೇಳು. ನಾನೂ ನಿಮ್ಮಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳ್ತೀನಿ.”

ಇಬ್ಬರೂ ಹೊರಬಂದ ಮೇಲೆ ಅವಳು ಶಟರ್ ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಾಗ ಅವನು ಕೈ ಸೇರಿಸಿದ. ಅವಳ ಮನೆಯ ಕಡೆ ನಡೆಯುವಾಗ ಹಿಡಿದುಕೊಂಡಿದ್ದ ಇಬ್ಬರ ಕೈಯೂ ತಣ್ಣಗಿತ್ತು. ಆದರೆ ಯಾರೂ ಬಿಡಲಿಲ್ಲ.