ಇರುವೆಯ ಕಾಲು

ಕೊಟ್ರಮ್ಮ ಹಳೇ ಪಂಚೆಯ ತುಂಡಿನಿಂದ ಟೀವಿ ಒರೆಸುತ್ತಿದ್ದಳು. ಮನೆಯ ಮುಂದೆ ಸಂಡೂರಿನ ಅದಿರು ಲಾರಿ ಹೋದಷ್ಟು ಸಲ ಕೆಂಪು ಧೂಳು ಒಳಗೆ ಬರುತ್ತಿತ್ತು; ಬಂದಷ್ಟು ಸಲ ಅವಳು ಒರೆಸುತ್ತಿದ್ದಳು, ಯಾರಿಗೂ ಏನೂ ಹೇಳದೆ. ಟೀವಿ ಆಯಿತು, ಕೆಳಗಿದ್ದ ಹೊಸ ಬ್ಲೂ-ರೇ ಪ್ಲೇಯರೂ ಆಯಿತು. ಧೂಳು ಹೋದರೂ ಕೈ ಮಾತ್ರ ಅಲ್ಲೇ ಆಡುತ್ತಿತ್ತು.

ಎಲ್ಲ ಶುರುವಾದದ್ದೇ ಈ ಪ್ಲೇಯರಿನಿಂದ.

ಅಣ್ಣ ಮನೋಹರ್ ಅದಿರು ಸಾಗಿಸಲು ಲಾರಿ ಬಿಟ್ಟ ಮೇಲೆ ಮನೆಗೆ ದೊಡ್ಡ ಟೀವಿ ಬಂದಿತ್ತು. ಭಾನುವಾರ ಕೊಟ್ರಮ್ಮನನ್ನು ಹೆಣ್ಣು ನೋಡಲು ಸಂಡೂರಿನವರು ಬರುವವರಿದ್ದರು. ಅವರ ಮುಂದೆ ಕಡಿಮೆಯಾಗಬಾರದೆಂದು ಪ್ಲೇಯರ್ ಕೊಳ್ಳಲು ಹೊಸಪೇಟೆಯ ಅಂಗಡಿಗೆ ಹೊರಟವನು, ಆರಿಸಲಿಕ್ಕೆಂದು ತಂಗಿಯನ್ನೂ ಕರೆದುಕೊಂಡ.

ಅಂಗಡಿಯಲ್ಲಿ ಕೆಲಸಕ್ಕಿದ್ದವನು ಕಂಪ್ಲಿಯ ಹಂಪೇಶ್. ಎರಡು ಪ್ಲೇಯರಿನಲ್ಲೂ ಒಂದೇ ಚಿತ್ರ ಹಾಕಿ ತೋರಿಸಿದ. ಹಸಿರು ಎಲೆ, ಅದರ ಮೇಲೊಂದು ಇರುವೆ. ಮನೋಹರ್ ಹೊರಗೆ ನಿಂತು ಮೊಬೈಲಿನಲ್ಲಿ ಡ್ರೈವರನಿಗೆ ಬೈಯುತ್ತಿದ್ದ.

"ಯಾವುದು ಚಲೋ ಅನಸ್ತೈತ್ರಿ?"

ಬೇಗ ಶಾಲೆ ಬಿಟ್ಟವಳು ಕೊಟ್ರಮ್ಮ. ಡಬ್ಬಿಯ ಮೇಲಿನ ಇಂಗ್ಲಿಷ್ ಬಿಟ್ಟು ಚಿತ್ರವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದ್ರಾಗ ಇರುವಿ ಕಾಲು ಕಾಣಾಕತ್ತಾವು."

ಹಂಪೇಶ್ ಟೀವಿ ಬಿಟ್ಟು ಅವಳತ್ತ ತಿರುಗಿದ. "ಬಂದೋರೆಲ್ಲ ರೇಟ್ ಕೇಳ್ತಾರ. ಇರುವಿ ಕಾಲು ನೋಡಿದೋರು ನೀವೊಬ್ರ ನೋಡ್ರಿ."

ನಗು ಮುಚ್ಚಲು ಅವಳು ತಲೆ ತಗ್ಗಿಸಿದಳು. ಕಿವಿಯ ಲೋಲಾಕು ಮಾತ್ರ ಸುಮ್ಮನಿರಲಿಲ್ಲ. ಅವನು ಅದನ್ನೂ ನೋಡಿದ.

ಮನೋಹರ್ ಒಳಗೆ ಬಂದವನೇ, "ಲೈಟ್ ಮಿನಗ್ತೈತಲ್ಲ, ಅದನ್ನ ತಗೊಳ್ಳೂಣು," ಎಂದ.

"ಬ್ಯಾಡಣ್ಣ. ಇದು."

ಮರುದಿನ ಹಂಪೇಶ್ ಮನೆಗೆ ಬಂದು ಪ್ಲೇಯರ್ ಕೂಡಿಸಿದ. ಆ ಇರುವೆಯ ಡಿಸ್ಕನ್ನೂ ಜೊತೆಗೆ ಕೊಟ್ಟ. ಎಲ್ಲರೂ ಮಸ್ತ್ ಅಂದರು. ಆದರೆ ಇರುವೆಗೆ ಕಾಲಿರಲಿಲ್ಲ, ಬರೀ ಕಪ್ಪು ಚುಕ್ಕೆ. ಚಪ್ಪಲಿ ಮೆಟ್ಟುತ್ತಾ ಅವನು, "ಚಿತ್ರ ಚಲೋ ಬರಲಿಲ್ಲಂದ್ರ ಫೋನ್ ಮಾಡ್ರಿ," ಅಂದ. ಅಂದದ್ದು ಎಲ್ಲರಿಗೆ, ನೋಡಿದ್ದು ಅವಳೊಬ್ಬಳನ್ನು.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು. ಹಂಚಿನ ಮೇಲೆ ರೊಟ್ಟಿ ಸೀಯಿತು. ಸಾರಿಗೆ ಉಪ್ಪಿನ ಮೇಲೆ ಉಪ್ಪು ಬಿತ್ತು. ಫೋನ್ ಎತ್ತುವಳು, ಇಡುವಳು. ನಾಳೆಯೇ ಭಾನುವಾರ.

ಈಗ ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು ಅಂಗಡಿಗೆ ಫೋನ್ ಮಾಡಿದಳು.

"ಹಲೋ, ಯಾರ್ರಿ?" ಅವನದೇ ದನಿ.

"ಇರುವಿ ಕಾಲು ಕಾಣವಲ್ವು."

"ಬಂದೆ, ತಡೀರಿ."

ಬಂದವನಿಗೆ ಚಹಾ ಇಡಲು ಅವ್ವ ರೇಣುಕಮ್ಮ ಒಳಗೆ ಹೋದಳು. ಅವನು ಜೇಬಿನಿಂದ ದಪ್ಪನೆಯ ಕಪ್ಪು ವೈರ್ ತೆಗೆದು ಟೀವಿಯ ಹಿಂದೆ ಬಗ್ಗಿದ.

"ಅವತ್ತ ಮರ್ತಿದ್ರೇನು?"

"ಇಲ್ರಿ. ಅವತ್ತೂ ಜೇಬಿನ್ಯಾಗ ಇತ್ತು. ಬೇಕಂತ ಚಿತ್ರ ಮಸುಕು ಬರೋ ಹಳೇ ವೈರ್ ಹಾಕಿ ಹೋದೆ."

"ಯಾಕ?"

"ಗೊತ್ತಾಗೋದು ನಿಮಗೊಬ್ರಿಗೆ. ಕರೀತೀರೇನು ನೋಡೂಣಂತ."

"ಗಿರಾಕಿಗೆ ಮೋಸ!" ಸಿಟ್ಟು ತುಟಿಯ ತನಕ ಬಂದು ನಗುವಾಗಿಬಿಟ್ಟಿತು. "ಕರೀದಿದ್ರ?"

"ಮುದುಕ ಆಗೂತನಕ ಜೇಬಿನ್ಯಾಗ ವೈರ್ ಇಟ್ಕೊಂಡು ತಿರಗ್ತಿದ್ದೆ."

ಅವಳ ನಗು ನಿಂತಿತು. "ನಾಳೆ ಸಂಡೂರಿನವ್ರು ನೋಡಾಕ ಬರ್ತಾರ. ಹುಡುಗಗ ಸ್ವಂತ ಲಾರಿ ಅದಾವಂತ."

ಟೀವಿಯ ಹಿಂದೆ ಅವನ ಕೈಯೂ ನಿಂತಿತು. "ನನ್ನದೊಂದು ಬೈಕು. ಅದೂ ಏರು ಹತ್ತುವಾಗ ಕೆಮ್ಮತೈತಿ."

"ಕೆಮ್ಮಿಕೋತ ಇಲ್ಲೀತನಕ ಬಂತಲ್ಲ."

ಅವನು ತಲೆ ಎತ್ತಿದ. ಹುಬ್ಬಿನ ಮೇಲೆಲ್ಲ ಕೆಂಪು ಧೂಳು. "ನಮ್ಮವ್ವನ್ನ ಕರಕೊಂಡು ಬಂದು ಕೇಳ್ಲೇನು?"

"ನಾಳೆ ಅವ್ರು ಹೂಂ ಅಂದು ಹೋದ ಮ್ಯಾಲ ಬಂದು ಏನ್ ಮಾಡ್ತೀರಿ?"

ಅಷ್ಟರಲ್ಲಿ ಅಪ್ಪ ಮರುಳಸಿದ್ದಪ್ಪನೂ ಮನೋಹರನೂ ಊಟಕ್ಕೆ ಬಂದರು. ಹಂಪೇಶ್ ಟೀವಿ ಹಚ್ಚಿದ. ಎಲೆಯ ಮೇಲೆ ಇರುವೆ ನಡೆಯಿತು. ಒಂದೊಂದು ಕಾಲೂ ಬೇರೆ ಬೇರೆ, ಕಾಲಿನ ಮೇಲಿನ ರೋಮವೂ ಕಾಣುವ ಹಾಗೆ. ಅಪ್ಪ ಪೇಟ ತೆಗೆಯುವುದನ್ನೂ ಮರೆತು ಕುರ್ಚಿಯ ತುದಿಗೆ ಕೂತ. ಅವ್ವ ಚಹಾದ ತಟ್ಟೆ ಹಿಡಿದುಕೊಂಡೇ ನಿಂತಳು.

ಮನೋಹರ್ ಹಂಪೇಶನ ಬೆನ್ನು ತಟ್ಟಿದ. "ಭಲೇ! ನಾಳೆ ಸಂಡೂರಿನವ್ರು ನೋಡಿ ದಂಗಾಗಬೇಕು ಲೇ!"

ಇರುವೆ ಎಲೆಯ ಅಂಚಿಗೆ ಬಂದು, ಮುಂದಿನ ಕಾಲನ್ನು ಗಾಳಿಯಲ್ಲಿ ಆಡಿಸುತ್ತಾ ನಿಂತಿತ್ತು.

"ಅಪ್ಪಾ," ಎಂದಳು ಕೊಟ್ರಮ್ಮ. ಹೊರಗೆ ಲಾರಿಯೊಂದು ಗುಡುಗುತ್ತಾ ಹಾದುಹೋಯಿತು. ಅವಳ ಮಾತು ಅದರಡಿಗೆ ಸಿಕ್ಕಿಹೋಯಿತು. ಹಂಪೇಶ್ ರಿಮೋಟ್ ಒತ್ತಿ ಟೀವಿಯ ಸದ್ದು ಅಡಗಿಸಿದ. ಎಲ್ಲರೂ ಅವಳತ್ತ ತಿರುಗಿದರು. ಟೀವಿಯ ಮೇಲೆ ಮತ್ತೆ ಧೂಳು ಕೂಡುತ್ತಿತ್ತು. ಅವಳು ಬಟ್ಟೆ ಎತ್ತಿಕೊಳ್ಳಲಿಲ್ಲ.

"ಅಪ್ಪಾ, ನಾಳೆ ಬರೋದು ಬ್ಯಾಡ ಅಂತ ಸಂಡೂರಿನವ್ರಿಗೆ ಹೇಳಿಬಿಡು."

ಅಪ್ಪ ಅವಳನ್ನು ನೋಡಿದ, ಹುಬ್ಬಿನ ಮೇಲೆ ಕೆಂಪು ಧೂಳು ಹೊತ್ತು ನಿಂತ ಹಂಪೇಶನನ್ನು ನೋಡಿದ, ಮರೆತಿದ್ದ ಪೇಟವನ್ನು ಮೆಲ್ಲಗೆ ತೆಗೆದ.