ಅರಿಶಿನದ ಮುಖ

“ಮೊಕ ತೊಳ್ಕೊಂಡು ಬಾ ಅಜ್ಜಿ. ಅರಿಶಿನ ಇದ್ರೆ ಮಿಷಿನ್‌ಗೆ ಗುರುತು ಸಿಕ್ಕಲ್ಲ.”

ಜೀವಿತಾ ಹೀಗೆಂದದ್ದೇ ತಡ, ಸೇಲಂನ ನೇಕಾರರ ಸಂಘದ ಜಗಲಿಯಲ್ಲಿ ಪೆನ್ಷನ್ನಿಗೆ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ತಮಿಳರ ಆಡಿ ತಿಂಗಳು, ಮಾರಿಯಮ್ಮನ ಹಬ್ಬದ ಕಾಲ. ಹರಕೆ ಹೊತ್ತ ಮುತ್ತಮ್ಮ, ಎಲ್ಲರ ಬಾಯಲ್ಲಿ ಮುತ್ತಜ್ಜಿ, ಹಬ್ಬ ಮುಗಿಯುವ ತನಕ ಮುಖದ ಅರಿಶಿನ ತೊಳೆಯುವವಳಲ್ಲ.

ಅವಳ ಮೊಮ್ಮಗ ಗೋಪಿನಾಥ್ ಎದ್ದು ನಿಂತ.

“ಮಾರಿಯಮ್ಮನ ಅರಿಶಿನ ನಿಮ್ಗೆ ಕೊಳೆಯಾ ಮೇಡಂ? ಪೆನ್ಷನ್ನೇ ಬ್ಯಾಡ. ನಡಿ ಅಜ್ಜಿ, ಓಗಾಣ.”

ಅಜ್ಜಿಯ ಕೈ ಹಿಡಿದು ಅವನು ಜಗಲಿ ಇಳಿದೇಬಿಟ್ಟ. ಜೀವಿತಾಳೂ ಅದೇ ಬೀದಿಯ ನೇಕಾರನ ಮಗಳು. ನೂಲು ಉಜ್ಜಿ ಉಜ್ಜಿ ತಂದೆಯ ಬೆರಳ ಗೆರೆಗಳು ಸವೆದಿದ್ದವು. ಪೆನ್ಷನ್ನಿನ ಬೆರಳಚ್ಚು ಯಂತ್ರ ಅವರನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರು ದೇವರ ಪಾದ ಸೇರಿದ ಮೇಲೆಯೇ ಅವಳು ಚೆನ್ನೈನಲ್ಲಿ, ಮುಖ ನೋಡಿ ಗುರುತಿಸುವ ಯಂತ್ರದ ಸಂಶೋಧನೆಗೆ ಇಳಿದದ್ದು. ಈಗ ಆ ಯಂತ್ರವೂ ತನ್ನವರನ್ನೇ ಹಿಂದಕ್ಕೆ ಕಳಿಸಿತಲ್ಲ...

‘ಅಜ್ಜಿ ಯಾಕೆ ಬದಲಾಗಬೇಕು? ಕಲಿಯಬೇಕಾದವಳು ನಾನು.’

ಮರುದಿನ ಗೋಪಿನಾಥ್ ಸಂಘಕ್ಕೆ ಬಂದಾಗ ಜೀವಿತಾ ಮುಖದ ತುಂಬ ಅರಿಶಿನ ಬಳಿದುಕೊಂಡು ಕ್ಯಾಮೆರಾದ ಮುಂದೆ ಕುಳಿತಿದ್ದಳು.

“ಏನ್ ಮೇಡಂ ಇದು?”

“ನಾನೇ ಮಾಡಿದ ಮಿಷಿನ್ನು. ನನ್ನೇ ಯಾರು ಅಂತ ಕೇಳ್ತೈತೆ.”

“ಅಂಗೇ ಆಗ್ಬೇಕು ನಿಮ್ಗೆ,” ಎಂದು ಅವನು ನಕ್ಕುಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, “ನಾನೇನ್ ಮಾಡ್ಲಿ?”

“ನಿನ್ನೆ ನಾನಂದದ್ದು ತಪ್ಪು. ಅಜ್ಜಿಗೆ ಹೇಳಿ. ಹರಕೆ ಹೊತ್ತೋರ ಫೋಟೋ ಬೇಕು... ಅವ್ರು ಒಪ್ಪಿದ್ರೆ ಮಾತ್ರ.”

ಅವನು ಮನೆಮನೆ ಅಲೆದು ಹೆಂಗಸರನ್ನು ಒಪ್ಪಿಸಿದ. ಅವಳು ವರ್ಷವಿಡೀ ಯಂತ್ರಕ್ಕೆ ಅರಿಶಿನದ ಮುಖಗಳನ್ನು ಕಲಿಸಿದಳು. ಅವಳು ಚೆನ್ನೈನಿಂದ ಬರುವಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಅವನು ಕಾದಿರುತ್ತಿದ್ದ. ‘ಇದು ಬರೀ ಕೆಲಸದ ಸ್ನೇಹವೇ...?’ ಕೇಳಲು ಅವಳಿಗೆ ಧೈರ್ಯವಿರಲಿಲ್ಲ.

ಮತ್ತೆ ಆಡಿ ಬಂತು. ದಟ್ಟ ಅರಿಶಿನದ ಮುಖ ಹೊತ್ತು ಮುತ್ತಜ್ಜಿ ಕ್ಯಾಮೆರಾ ಮುಂದೆ ಕುಳಿತಳು. ಜೀವಿತಾ ಕಣ್ಣು ಮುಚ್ಚಿ ತಾಯಿ ಮಾರಿಯಮ್ಮನನ್ನು ನೆನೆದಳು.

ಪರದೆಯ ಮೇಲೆ ಹಸಿರು ಬೆಳಗಿತು. ಮುತ್ತಮ್ಮ!

ಹೆಂಗಸರು ನಾಲಿಗೆ ಹೊರಳಿಸಿ ಕುಲವೆಯ ಮಂಗಳದನಿ ಎಬ್ಬಿಸಿದರು. ಸಾಲಿನಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಯಂತ್ರ ತಪ್ಪದೆ ತೋರಿಸಿತು. ಇನ್ನು ಸೇಲಂ, ಧರ್ಮಪುರಿಯ ಎಲ್ಲ ಸಂಘಗಳಲ್ಲೂ ಇದೇ ಯಂತ್ರ ಎಂದು, ಪರೀಕ್ಷೆ ನೋಡಲು ಬಂದಿದ್ದ ಪೆನ್ಷನ್ ಅಧಿಕಾರಿ ಅಲ್ಲೇ ಸಾರಿದರು.

“ಮಿಷಿನ್ನಿಗೇ ಬುದ್ಧಿ ಬಂತು,” ಎಂದಳು ಮುತ್ತಜ್ಜಿ. “ನಮ್ಮುಡುಗನಿಗೆ ಯಾವಾಗ ಬತ್ತೈತೋ.”

ಗೋಪಿನಾಥ್ ಕೆಂಪಾದ. ಜೀವಿತಾಳನ್ನು ಜಗಲಿಯ ಅಂಚಿಗೆ ಕರೆದ.

“ನಮ್ಮವ್ವನ್ನ ಕರ್ಕೊಂಡು ನಿಮ್ಮನೇಗೆ ಎಣ್ಣು ಕೇಳೋಕೆ ಬರ್ಬೇಕು ಅಂತಿವ್ನಿ.”

“ನನ್ನ ಕೇಳ್ದಂಗೇನಾ?”

“ಈಗ ಕೇಳ್ತಾನೇ ಇವ್ನಿ, ಜೀವಿತಾ...”

ಮೊದಲ ಸಲ ಅವನ ಬಾಯಲ್ಲಿ ಮೇಡಂ ಇರಲಿಲ್ಲ. ಅವಳ ಕಣ್ಣು ತುಂಬಿತು.

“ಶುಕ್ರವಾರ ಬನ್ನಿ. ಅಮ್ಮ ಮನೇಲೇ ಇರ್ತಾಳೆ. ನಾನೂ ಇರ್ತೀನಿ.”